ಹುಲಿಪಟ್ಟೆಯ ಲಾಂಛನ: ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ರೂಪದ ಏಕತೆ

ಒಂದು ಉದ್ಯಮವು ತಾನು ತಯಾರಿಸುವ ನಾನಾ ಬಗೆಯ ಸರಕಿಗೆಲ್ಲ ಒಂದೇ ಚಹರೆಯನ್ನು ಕೊಟ್ಟು, ನೋಡಿದೊಡನೆಯೇ ಇದು ಇಂಥವರದೆಂದು ಗುರುತಿಸುವಂತೆ ಮಾಡುವ ಪದ್ಧತಿಯ ಚರಿತ್ರೆಯನ್ನು ಬರೆಯುವ ವಿದ್ವಾಂಸರು ಸಾಮಾನ್ಯವಾಗಿ 1907ನೆಯ ವರ್ಷದಿಂದ ಪ್ರಾರಂಭಿಸುತ್ತಾರೆ. ಬರ್ಲಿನ್ ನಗರದ ಎ.ಇ.ಜಿ. ಎಂಬ ವಿದ್ಯುದುಪಕರಣಗಳ ಸಂಸ್ಥೆಯು ಆ ವರ್ಷ ಪೇಟರ್ ಬೇರೆನ್ಸ್ ಎಂಬಾತನನ್ನು ತನ್ನ ಕಲಾ ಸಲಹೆಗಾರನನ್ನಾಗಿ ನೇಮಿಸಿಕೊಂಡಿತು. ಚಿತ್ರಕಾರನಾಗಿ ಬಾಳನ್ನಾರಂಭಿಸಿ ವಾಸ್ತುಶಿಲ್ಪಿಯಾಗಿದ್ದ ಈತನು ಸಂಸ್ಥೆಯ ಆರ್ಕ್ ದೀಪಗಳಿಗೆ, ನೀರು ಕಾಯಿಸುವ ವಿದ್ಯುತ್ ಕೆಟಲುಗಳಿಗೆ, ಬೆಲೆಪಟ್ಟಿಗಳಿಗೆ, ಜಾಹೀರಾತಿನ ಅಕ್ಷರಗಳಿಗೆ ಒಂದೇ ಮನಸ್ಸಿನಿಂದ ಹೊರಟ ರೂಪವನ್ನು ಕೊಟ್ಟನು. 1909ರಲ್ಲಿ ಅದೇ ಸಂಸ್ಥೆಗಾಗಿ ಟರ್ಬೈನ್ ಕಾರ್ಖಾನೆಯ ಕಟ್ಟಡವನ್ನೂ ರಚಿಸಿದನು. ಕೆಟಲನ್ನು ಕೊಂಡ ಗೃಹಿಣಿಯೂ ಕಾರ್ಖಾನೆಯ ಮುಂದೆ ಹಾದುಹೋದ ದಾರಿಹೋಕನೂ ಒಂದೇ ಹಸ್ತವನ್ನು ಕಾಣುವಂತಾಯಿತು. ಇದು ಸುಪ್ರಸಿದ್ಧವಾದ ಸಂಗತಿ.

ಈ ಕಥೆಯಲ್ಲಿ ನಮಗೆ ಯಾವ ಆಕ್ಷೇಪವೂ ಇಲ್ಲ. ಆದರೆ ಅದರಿಂದ ಅನೇಕರು ತೆಗೆಯುವ ಒಂದು ತೀರ್ಮಾನವನ್ನು ನಾವು ಒಪ್ಪಲಾರೆವು. ಯಂತ್ರ, ಅಚ್ಚಿನ ಮನೆ, ವಿಶಾಲವಾದ ಮಾರುಕಟ್ಟೆ ಇವು ಮೂರೂ ಕೂಡಿದಲ್ಲದೆ ಇಂತಹ ಏಕರೂಪತೆ ಸಾಧ್ಯವಿಲ್ಲವೆಂದೂ, ಕೈಕಸುಬಿನ ಕಾಲದಲ್ಲಿ ಇದ್ದುದು ಕೇವಲ ಮೊಹರು ಮುದ್ರೆಗಳೆಂದೂ ಅವರು ಭಾವಿಸುತ್ತಾರೆ. ಬೇರೆನ್ಸ್‌ನ ಕಾಲಕ್ಕಿಂತ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಕಾವೇರಿಯ ನಡುವಿನ ಒಂದು ದ್ವೀಪದಲ್ಲಿ, ಕಮ್ಮಾರರೂ ಕಂಚುಗಾರರೂ ಬಣ್ಣಗಾರರೂ ತಯಾರಿಸಿದ ವಸ್ತುಗಳು ಈ ಭಾವನೆಯನ್ನು ತಿದ್ದುವಂತೆ ನಮ್ಮನ್ನು ಒತ್ತಾಯಿಸುತ್ತವೆ. 1782ರಿಂದ 1799ರವರೆಗೆ ಆಳಿದ ಟಿಪ್ಪು ಸುಲ್ತಾನನ ಸರ್ಕಾರದ ಹುಲಿಪಟ್ಟೆಯೇ ಪ್ರಸ್ತುತ ಲೇಖನದ ವಿಷಯ. ಟಿಪ್ಪುವಿನ ಗುಣದೋಷಗಳ ವಿಚಾರವಾಗಿ ನಾಡಿನಲ್ಲಿ ನಡೆಯುತ್ತಿರುವ ವಾದವಿವಾದಗಳಲ್ಲಿ ನಾವು ಇಲ್ಲಿ ಪ್ರವೇಶಿಸುವುದಿಲ್ಲ. ವಸ್ತುಗಳು ಏನನ್ನು ಹೇಳುತ್ತವೆಯೋ ಅದಕ್ಕೆ ಕಿವಿಗೊಡುವುದಷ್ಟೇ ನಮ್ಮ ಉದ್ದೇಶ.

ಮೊದಲು ಗುರುತು ಬೇರೆ, ಚಹರೆ ಬೇರೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಟಿಪ್ಪುವಿನ ಶತ್ರುವಾಗಿದ್ದ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯಲ್ಲಿಯೇ ಇದಕ್ಕೆ ಒಳ್ಳೆಯ ಉದಾಹರಣೆಯುಂಟು. 1709ರಲ್ಲಿ ಪರಸ್ಪರ ಸ್ಪರ್ಧಿಸುತ್ತಿದ್ದ ಎರಡು ಕಂಪನಿಗಳು ಒಂದಾದ ಮೇಲೆ, ಹೃದಯದ ಆಕಾರವೊಂದನ್ನು ಓರೆ ಗೆರೆಗಳಿಂದ ನಾಲ್ಕು ಭಾಗ ಮಾಡಿ, ಒಳಗೆ ಸಂಯುಕ್ತ ಕಂಪನಿಯ ಹೆಸರಿನ ಮೊದಲಕ್ಷರಗಳನ್ನು ಇಟ್ಟು, ಮೇಲೆ ನಾಲ್ಕರ ಅಂಕಿಯಂತಹ ಒಂದು ಚಿಹ್ನೆಯನ್ನು ನಿಲ್ಲಿಸಿದ ಗುರುತು ಬಳಕೆಗೆ ಬಂದಿತು. ಇದು ಮೂಲತಃ ಮೂಟೆಯ ಗುರುತು. ಹಡಗಿನಿಂದಿಳಿದ ಮೂಟೆ ಯಾರದೆಂಬುದನ್ನು ಬಂದರಿನ ಕೂಲಿಯೂ ಉಗ್ರಾಣದ ಗುಮಾಸ್ತನೂ ತಿಳಿಯುವುದಕ್ಕೆ ಅದು ಬೇಕಾಗಿತ್ತು. ಅನಂತರ ಅದು ಕಂಪನಿಯ ತಾಮ್ರದ ನಾಣ್ಯಗಳ ಮೇಲೆಯೂ ಸಿಪಾಯಿಗಳ ಕೋವಿಗಳ ಮೇಲೆಯೂ ಕಾಣಿಸಿಕೊಂಡಿತು. ಆದರೆ ಮೂಟೆಯೊಳಗಿನ ಬಟ್ಟೆಗೂ ಮೂಟೆಯ ಮೇಲಿನ ಹೃದಯಕ್ಕೂ ಯಾವ ಸಂಬಂಧವೂ ಇರಲಿಲ್ಲ. ಬಂಗಾಳದ ಮಸ್ಲಿನ್, ಗುಜರಾತಿನ ರೇಷ್ಮೆ, ಚೋಳಮಂಡಲ ತೀರದ ಚೀಟಿ ಬಟ್ಟೆ ಇವು ತಂತಮ್ಮ ಊರಿನ ನೇಕಾರರ ಚಹರೆಯನ್ನೇ ಉಳಿಸಿಕೊಂಡಿದ್ದುವು. ಮೂಟೆಯ ಗೋಣಿಯನ್ನು ಬಿಚ್ಚಿ ಎಸೆದರೆ ಕಂಪನಿಯು ಅಲ್ಲಿಂದ ಮಾಯವಾಗುತ್ತಿತ್ತು. ಗುರುತೆಂಬುದು ಹೊರಗಿನಿಂದ ಅಂಟಿಸಿದ್ದು; ಚಹರೆಯೆಂಬುದು ವಸ್ತುವಿನ ಮೈಯೊಳಗೇ ಇರತಕ್ಕದ್ದು.

ಇನ್ನು ಶ್ರೀರಂಗಪಟ್ಟಣದ ಸ್ಥಿತಿಯನ್ನು ನೋಡೋಣ. ಟಿಪ್ಪುವು ತನ್ನ ಆಳ್ವಿಕೆಗೆ ಇಟ್ಟ ಹೆಸರು ‘ಸರ್ಕಾರ್-ಎ-ಖುದಾದಾದ್’, ಎಂದರೆ ದೇವರು ದಯಪಾಲಿಸಿದ ಸರ್ಕಾರ. ಈ ಸರ್ಕಾರವು ಕಂದಾಯವನ್ನು ವಸೂಲು ಮಾಡಿ ಸುಮ್ಮನಿರದೆ ಸ್ವತಃ ತಯಾರಕನೂ ವರ್ತಕನೂ ಆಗಿತ್ತೆಂಬುದು ಆಗಿನ ಮೈಸೂರಿನ ವಿಶೇಷ. ಗಂಧ, ಮೆಣಸು, ಏಲಕ್ಕಿಗಳ ವ್ಯಾಪಾರವನ್ನು ಸರ್ಕಾರವೇ ಕೈಗೆತ್ತಿಕೊಂಡಿತು. ಮಸ್ಕತ್ತಿನಲ್ಲಿ ಅದಕ್ಕೊಂದು ಕೋಠಿಯಿತ್ತು. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ ಮೊದಲಾದೆಡೆಗಳಲ್ಲಿ ಕಾರ್ಖಾನೆಗಳು ನಡೆದುವು. ಫ್ರಾನ್ಸಿನ ಹದಿನಾರನೆಯ ಲೂಯಿಯ ಬಳಿಗೆ ಹೋದ ರಾಯಭಾರಿಗಳು 1788ರಲ್ಲಿ ಆ ದೊರೆಯನ್ನು ಕಂಡಾಗ ಕೇಳಿದ ವರಗಳಲ್ಲಿ ಸೈನ್ಯದ ಜೊತೆಗೆ ಕುಶಲಕರ್ಮಿಗಳೂ ಇದ್ದರು. ಸೈನ್ಯ ಬರಲಿಲ್ಲ, ಕೆಲವು ಕರ್ಮಿಗಳು ಬಂದರು. ನಾಣ್ಯಗಳ ಹೆಸರು, ಊರುಗಳ ಹೆಸರು, ತಿಂಗಳುಗಳ ಹೆಸರು, ಅಳತೆ ತೂಕ ಇವೆಲ್ಲವನ್ನೂ ಹೊಸದಾಗಿ ಕ್ರಮಪಡಿಸುವ ಹಂಬಲ ಆ ಅರಸನಿಗಿತ್ತು. ಕಾಲಗಣನೆಯೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ. ಹಿಜರಿ ಶಕೆಯನ್ನು ಬಿಟ್ಟು ಮೌಲೂದಿ ಶಕೆಯನ್ನು ಜಾರಿಗೆ ತಂದು, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ವಸ್ತುಗಳ ಚಹರೆಯನ್ನು ಕ್ರಮಪಡಿಸುವ ಕಾರ್ಯವನ್ನೂ ಈ ವ್ಯಾಪಕವಾದ ಹಂಬಲದ ಒಂದು ಅಂಗವೆಂದೇ ನಾವು ತಿಳಿಯಬೇಕು.

ಹುಲಿಪಟ್ಟೆಗೆ ಬಬ್ರಿ ಎಂದು ಹೆಸರು. ಪಾರಸಿಯಲ್ಲಿ ಬಬರ್ ಎಂದರೆ ಹುಲಿ. ಈ ಪಟ್ಟೆಯನ್ನು ಹತ್ತಿರದಿಂದ ನೋಡಿದವರಿಗೆ ಅದು ಹುಲಿಯ ಮೈಯನ್ನು ಕಂಡು ಹಾಗೆಯೇ ಬರೆದದ್ದಲ್ಲವೆಂಬುದು ಕೂಡಲೇ ಹೊಳೆಯುತ್ತದೆ. ಜೀವಂತ ಹುಲಿಯ ಪಟ್ಟೆಗಳಲ್ಲಿ ಒಂದು ಇನ್ನೊಂದರಂತಿರುವುದಿಲ್ಲ. ಕವಲೊಡೆಯುತ್ತವೆ, ಕೂಡುತ್ತವೆ, ಹೊಟ್ಟೆಯ ಕಡೆಗೆ ಮಾಸಿಹೋಗುತ್ತವೆ. ಬಬ್ರಿಯು ಹಾಗಲ್ಲ. ಎರಡೂ ತುದಿಗಳಲ್ಲಿ ಚೂಪಾಗಿ, ನಡುವೆ ಉಬ್ಬಿ, ಅಲೆಯಂತೆ ಸ್ವಲ್ಪವೇ ಬಳುಕಿದ ಒಂದು ಎಸಳು. ಆ ಎಸಳಿನ ಆವೃತ್ತಿ, ಮತ್ತೆ ಆವೃತ್ತಿ. ಇಷ್ಟೇ ಅದರ ಸಾಮಗ್ರಿ. ಈ ಸರಳತೆಯೇ ಅದರ ಶಕ್ತಿಯೆಂದು ನಮ್ಮ ಅಭಿಪ್ರಾಯ. ಲೋಹದ ಮೇಲೆ ಉಳಿಯಿಂದ ಕೊರೆದು ಬೆಳ್ಳಿಯನ್ನೋ ಚಿನ್ನವನ್ನೋ ತುಂಬಬಹುದು. ಎರಕದ ಅಚ್ಚಿನಲ್ಲಿ ಉಬ್ಬಾಗಿ ತೆಗೆಯಬಹುದು. ಗೋಡೆಯ ಮೇಲೆ ಕುಂಚದ ಎರಡು ಎಳೆತಗಳಲ್ಲಿ ಮುಗಿಸಬಹುದು. ಬಟ್ಟೆಯ ಮೇಲೆ ಮರದ ಅಚ್ಚಿನಿಂದ ಒತ್ತಬಹುದು. ಕಮ್ಮಾರನಿಗೆ ಚಿತ್ರಕಲೆ ಬರಬೇಕಾಗಿಲ್ಲ. ಬಣ್ಣಗಾರನಿಗೆ ಲೋಹದ ಕೆಲಸ ತಿಳಿಯಬೇಕಾಗಿಲ್ಲ. ಇಬ್ಬರ ಕೈಯಿಂದ ಬಂದ ಕೆಲಸವೂ ಒಂದನ್ನೊಂದು ಹೋಲುತ್ತದೆ.

ನಮ್ಮ ನಾಡಿನ ಹಳೆಯ ಲಾಂಛನಗಳೊಡನೆ ಹೋಲಿಸಿದರೆ ವ್ಯತ್ಯಾಸವು ಇನ್ನೂ ಸ್ಫುಟವಾಗುತ್ತದೆ. ವಿಜಯನಗರದ ವರಾಹ, ಅಚ್ಯುತರಾಯನ ಚಿನ್ನದ ನಾಣ್ಯಗಳ ಮೇಲೂ ಮೈಸೂರು ಅರಸರ ಮುದ್ರೆಯಲ್ಲಿಯೂ ಕಾಣುವ ಗಂಡಭೇರುಂಡ, ಮೃಗವನ್ನು ಇರಿಯುವ ಹೊಯ್ಸಳರ ಸಳ ಇವು ಚಿತ್ರಗಳು. ಚಿತ್ರಕ್ಕೆ ಮುಂಭಾಗವೆಂಬುದೊಂದು ಬೇಕು, ಚೌಕಟ್ಟು ಬೇಕು, ನೋಡುವವನು ಎದುರಿಗೆ ನಿಲ್ಲಬೇಕು. ಗಂಡಭೇರುಂಡದ ಅರ್ಧವನ್ನು ಕತ್ತರಿಸಿದರೆ ಉಳಿಯುವುದು ಬರಿಯ ಒಂದು ಹಕ್ಕಿ. ಕೋವಿಯ ದುಂಡಾದ ನಳಿಗೆಯ ಮೇಲೆ ಅದನ್ನು ಬಿಡಿಸುವುದು ಕಷ್ಟ. ಬಿಡಿಸಿದರೂ ಅದು ನಳಿಗೆಯ ಮೇಲೆ ಇಟ್ಟ ಚಿತ್ರವಾಗುತ್ತದೆಯೇ ಹೊರತು ನಳಿಗೆಯ ಚರ್ಮವಾಗುವುದಿಲ್ಲ. ಬಬ್ರಿಗೆ ಮುಂಭಾಗವಿಲ್ಲ, ತಲೆಯಿಲ್ಲ, ಬಾಲವಿಲ್ಲ. ಒಂದು ಗೇಣು ತುಂಡಿನಲ್ಲಿ ಕಂಡರೂ ಪೂರ್ತಿ ಗೋಡೆಯಲ್ಲಿ ಕಂಡರೂ ಅದು ಹೇಳುವ ಮಾತು ಒಂದೇ. ಪಟ್ಟೆಯನ್ನು ಹೊದ್ದ ವಸ್ತುವು ಹುಲಿಯ ಚಿತ್ರವನ್ನು ಹೊತ್ತಿರುವುದಿಲ್ಲ, ತಾನೇ ಹುಲಿಯಾಗಿರುತ್ತದೆ.

ಇದು ಎಲ್ಲಕ್ಕಿಂತ ಹೆಚ್ಚಾಗಿ ಸಿಂಹಾಸನದಲ್ಲಿ ಸಿದ್ಧಿಸಿತು. 1800ರಲ್ಲಿ ಪ್ರಕಟವಾದ ಅಲೆಕ್ಸಾಂಡರ್ ಬೀಟ್ಸನ್ನನ ಯುದ್ಧವೃತ್ತಾಂತದಲ್ಲಿ ಇದರ ವರ್ಣನೆಯಿದೆ. ಎಂಟು ಮೂಲೆಯ ಪೀಠ. ಮರದ ಕೆಲಸದ ಮೇಲೆ ಚಿನ್ನದ ತಗಡು. ಕೆಳಗೆ ಆಧಾರವಾಗಿ ದೊಡ್ಡದೊಂದು ಹುಲಿ. ಸುತ್ತಲಿನ ಕಟಾಂಜನದಲ್ಲಿ ರತ್ನಖಚಿತವಾದ ಎಂಟು ಚಿಕ್ಕ ಹುಲಿದಲೆಗಳು. ಮೇಲೆ ಮುತ್ತಿನ ಜಾಲರಿಯ ಛತ್ರ, ಅದರ ಶಿಖರದಲ್ಲಿ ಹುಮಾ ಎಂಬ ಪಕ್ಷಿ. ಚಿನ್ನದ ತಗಡಿನ ಮೇಲೆಲ್ಲ ಪಟ್ಟೆ. ಫಿರಂಗಿಗಳಲ್ಲಿ ಹುಲಿಯ ಬಾಯೇ ತೋಪಿನ ಬಾಯಿ. ಕುಳಿತ ಹುಲಿಯ ಆಕಾರದಲ್ಲಿಯೇ ಎರಕಹೊಯ್ದ ಕಂಚಿನ ಮೋರ್ಟರುಗಳೂ ಉಂಟು, ಗುಂಡು ಅವುಗಳ ತೆರೆದ ಬಾಯಿಂದ ಹೊರಡುತ್ತಿತ್ತು. ಕೆಲವು ಕೋವಿಗಳಲ್ಲಿ ಚಕಮಕಿ ಕಲ್ಲನ್ನು ಕಚ್ಚಿಕೊಳ್ಳುವ ಭಾಗವೂ ಹುಲಿಯೇ. ಕತ್ತಿಗಳ ಹಿಡಿಯ ತುದಿಯಲ್ಲಿ ಹುಲಿದಲೆ, ಅಲಗಿನ ಮೇಲೆ ಚಿನ್ನದ ಪಟ್ಟೆ. ಹುಲಿಮುಖದ ಆಕಾರಕ್ಕೆ ಅರಬ್ಬೀ ಅಕ್ಷರಗಳನ್ನು ಜೋಡಿಸಿ ‘ವಿಜಯಶಾಲಿಯಾದ ದೇವಸಿಂಹ’ ಎಂಬ ಅರ್ಥದ ಬಿರುದನ್ನು ಬರೆದುದೂ ಇದೆ. ಪಟ್ಟೆಯಂಗಿಯನ್ನು ತೊಟ್ಟ ಸಿಪಾಯಿಗಳನ್ನು ಆಂಗ್ಲ ಚಿತ್ರಕಾರರು ಬರೆದ ಚಿತ್ರಗಳಲ್ಲಿ ಕಾಣಬಹುದು. ಹೈದರನಿಗಾಗಿ ಕಟ್ಟಿಸಿದ ಗುಂಬಜಿನ ಒಳಗೋಡೆಯನ್ನು ನಾವು ವಿದ್ಯಾರ್ಥಿಗಳೊಡನೆ ಹೋದಾಗಲೆಲ್ಲ ನೋಡಿದ್ದೇವೆ. ಹೊರಗಿನ ಕಪ್ಪು ಕಂಬಗಳ ತಂಪಿನಿಂದ ಒಳಹೊಕ್ಕೊಡನೆ ಗೋಡೆಗಳು ಸುತ್ತಲಿಂದಲೂ ಪಟ್ಟೆಯಾಗಿ ಎದ್ದುನಿಲ್ಲುವುದು ಮೊದಲ ಸಲ ಬಂದವರನ್ನು ಸ್ವಲ್ಪ ಹೊತ್ತು ಮಾತಿಲ್ಲದಂತೆ ಮಾಡುತ್ತದೆ.

ಇಷ್ಟು ಬೇರೆಬೇರೆ ಕಸುಬಿನವರ ಕೈಯಲ್ಲಿ ಒಂದೇ ಎಸಳು ಒಂದೇ ಬಗೆಯಾಗಿ ಬರಬೇಕಾದರೆ ಅವರೆದುರಿಗೆ ಯಾವುದೋ ಒಂದು ಮಾದರಿ ಇದ್ದಿರಲೇಬೇಕು. ಇದು ಊಹೆಯೇ ಆದರೂ ಆಧಾರವಿಲ್ಲದ ಊಹೆಯಲ್ಲ. ಸರ್ಕಾರದ ಕಾರ್ಖಾನೆಯಿಂದ ಹೊರಟ ಕೋವಿಗಳ ನಳಿಗೆಯ ಮೇಲೆ ತಯಾರಾದ ಸ್ಥಳ, ಮೌಲೂದಿ ವರ್ಷ, ‘ಹೈದರ್’ ಎಂಬ ಹೆಸರನ್ನು ಒಳಗೊಂಡ ಮುದ್ರೆ ಇವು ಕ್ರಮವಾಗಿ ಕಾಣಬರುತ್ತವೆ. ಇಷ್ಟನ್ನು ತಪ್ಪದೆ ಒತ್ತಿಸುವ ಕಾರ್ಖಾನೆಯು ಪಟ್ಟೆಯನ್ನು ಮಾತ್ರ ಕೆಲಸಗಾರನ ಮನಬಂದಂತೆ ಬಿಟ್ಟಿತೆಂದು ನಂಬುವುದು ಕಷ್ಟ.

ಆದರೆ ಬಬ್ರಿಯು ಎಲ್ಲೆಲ್ಲಿಯೂ ಇತ್ತೆಂದು ಹೇಳಿಬಿಡುವುದು ತಪ್ಪು. ಜನಪ್ರಿಯ ಬರಹಗಳು ಈ ತಪ್ಪನ್ನು ಮಾಡುತ್ತವೆ. ಅದು ಎಲ್ಲಿ ಇಲ್ಲವೆಂಬುದೇ ನಮಗೆ ಹೆಚ್ಚು ಉಪಯುಕ್ತವಾದ ಸಾಕ್ಷ್ಯ. ವೇಲ್ಸಿನ ಪೋವಿಸ್ ಕೋಟೆಮನೆಯಲ್ಲಿರುವ ಟಿಪ್ಪುವಿನ ಡೇರೆಯು ಚೀಟಿ ಬಟ್ಟೆಯದು. ಅದರ ತುಂಬ ಮೊಗಲರ ರೀತಿಯ ಹೂದಾನಿ, ಹೂಬಳ್ಳಿ. 1784ರ ದರಿಯಾ ದೌಲತ್ ಅರಮನೆಯ ಗೋಡೆಗಳಲ್ಲಿ ಹೂವಿನ ಕೆಲಸವೂ 1780ರ ಪೊಲ್ಲಿಲೂರು ಕಾಳಗದ ಚಿತ್ರವೂ ಪ್ರಧಾನ. ಪುಸ್ತಕಗಳ ವಿಷಯವಂತೂ ಇನ್ನೂ ವಿಚಿತ್ರ. ಚಾರ್ಲ್ಸ್ ಸ್ಟೂವರ್ಟನು 1809ರಲ್ಲಿ ಪ್ರಕಟಿಸಿದ ಸೂಚಿಯ ಪ್ರಕಾರ ಸುಲ್ತಾನನ ಗ್ರಂಥಭಂಡಾರದಲ್ಲಿ ಸುಮಾರು 2000 ಸಂಪುಟಗಳಿದ್ದುವು. ಬೇರೆಬೇರೆ ರಾಜ್ಯಗಳಿಂದ ಕೈವಶವಾಗಿ ಬಂದ ಈ ಗ್ರಂಥಗಳಲ್ಲಿ ಶ್ರೀರಂಗಪಟ್ಟಣದಲ್ಲಿ ಹೊಸದಾಗಿ ರಟ್ಟು ಕಟ್ಟಿದವುಗಳ ಮೇಲೆ ಒಂದೇ ವಿನ್ಯಾಸವಿದೆ: ನಡುವೆ ದೇವರ, ಪ್ರವಾದಿಯ, ಅವರ ಮಗಳು ಮೊಮ್ಮಕ್ಕಳ ಹೆಸರು; ನಾಲ್ಕು ಮೂಲೆಗಳಲ್ಲಿ ಮೊದಲ ನಾಲ್ವರು ಖಲೀಫರ ಹೆಸರು; ಮೇಲೆ ‘ಸರ್ಕಾರ್-ಎ-ಖುದಾದಾದ್’; ಕೆಳಗೆ ‘ದೇವರೇ ಸಾಕು’ ಎಂಬ ಅರ್ಥದ ವಾಕ್ಯ. ಇಲ್ಲಿ ಏಕರೂಪತೆಯುಂಟು, ಹುಲಿಯಿಲ್ಲ. ಪುಸ್ತಕದ ಚರ್ಮಕ್ಕೆ ಒಂದು ಚಹರೆ, ಕೋವಿಯ ಕಬ್ಬಿಣಕ್ಕೆ ಮತ್ತೊಂದು.

ನಾಣ್ಯಗಳ ಸಂಗತಿ ಇನ್ನೂ ದೀರ್ಘವಾದ ವಿಚಾರಕ್ಕೆ ಅರ್ಹವಾಗಿದೆ. ಹೈದರನು 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಹೊರಡಿಸಿದ ವರಹದ ಒಂದು ಮುಖದಲ್ಲಿ ಇಕ್ಕೇರಿಯ ಅರಸರ ನಾಣ್ಯದಲ್ಲಿದ್ದ ಶಿವಪಾರ್ವತಿಯರನ್ನೇ ಉಳಿಸಿಕೊಂಡನು. ಇನ್ನೊಂದು ಮುಖದಲ್ಲಿ ತನ್ನ ಹೆಸರಿನ ಮೊದಲ ಪಾರಸೀ ಅಕ್ಷರವನ್ನು ಮಾತ್ರ ಇಟ್ಟನು. ಇದನ್ನು ಹೈದರನ ಧಾರ್ಮಿಕ ಔದಾರ್ಯಕ್ಕೆ ನಿದರ್ಶನವಾಗಿ ಎತ್ತಿ ತೋರಿಸುವುದು ವಾಡಿಕೆ. ಇರಬಹುದು. ಆದರೆ ಅದಕ್ಕಿಂತ ಸರಳವಾದ ಕಾರಣವೊಂದುಂಟು. ನಾಣ್ಯವು ನಡೆಯುವುದು ಅರಸನ ಆಜ್ಞೆಯಿಂದಲ್ಲ, ಶರಾಫನ ಬೆರಳಿನಿಂದ. ಶರಾಫನೂ ರೈತನೂ ಬಲ್ಲ ಮುಖವನ್ನು ಒಮ್ಮೆಗೇ ಕಿತ್ತುಹಾಕಿದರೆ ಆ ವರಹಕ್ಕೆ ಸಂತೆಯಲ್ಲಿ ವಟ್ಟ ಬೀಳುತ್ತದೆ. ಟಿಪ್ಪುವು ಚಿನ್ನದಿಂದ ದೇವತೆಗಳನ್ನು ತೆಗೆದನು, ತಂದೆಯ ಅಕ್ಷರವನ್ನು ಬಿಡಲಿಲ್ಲ. ನಾಣ್ಯಗಳಿಗೆ ಅಹ್ಮದಿ, ಸಿದ್ದಿಕಿ, ಫಾರೂಕಿ, ಇಮಾಮಿ ಎಂದು ಹಿರಿಯರ ಹೆಸರುಗಳನ್ನೂ, ತಾಮ್ರಕ್ಕೆ ಜೊಹ್ರಾ, ಬಹ್ರಾಮ್, ಕುತ್ಬ್ ಎಂದು ಗ್ರಹತಾರೆಗಳ ಹೆಸರುಗಳನ್ನೂ ಇಟ್ಟನು. ಇಷ್ಟೆಲ್ಲ ಬದಲಾಯಿಸಿದವನು ತಾಮ್ರದ ಕಾಸಿನ ಮೇಲೆ ಹುಲಿಯನ್ನು ತರಲಿಲ್ಲ. ಅಲ್ಲಿ ನಿಂತುದು ಆನೆ; ಒಡೆಯರ ಕಾಲದ ಕಾಸಿನಿಂದ ಬಂದ ಹಳೆಯ ಆನೆ. ಹೆಸರು ಹೊಸದು, ಶಕೆ ಹೊಸದು, ಊರಿನ ಹೆಸರೂ ಎಷ್ಟೋ ವೇಳೆ ಹೊಸದು, ಚಿತ್ರ ಮಾತ್ರ ಹಳೆಯದು. ಓದಲು ಬಾರದವನು ನೋಡುವುದು ಚಿತ್ರವನ್ನೇ ಎಂಬುದನ್ನು ಟಂಕಸಾಲೆಯವರು ಚೆನ್ನಾಗಿ ಅರಿತಿದ್ದರು.

ಹೀಗೆ ನೋಡಿದಾಗ, ಹುಲಿಪಟ್ಟೆಯು ಸುಲ್ತಾನನ ಸ್ವಂತ ಹುಚ್ಚು ಎಂಬ ವಾದವು ನಿಲ್ಲುವುದು ಕಷ್ಟವಾಗುತ್ತದೆ. ಈ ವಾದವನ್ನು ಹುಟ್ಟಿಸಿದವರು 1799ರ ವಿಜೇತರು. ಕ್ರೂರ ಮೃಗವನ್ನು ಮೆಚ್ಚಿದವನು ಕ್ರೂರಿಯೆಂದು ಹೇಳುವುದು ಅವರಿಗೆ ಅನುಕೂಲವಾಗಿತ್ತು. ಬಿಳಿಯನೊಬ್ಬನ ಮೇಲೆ ಎರಗಿದ ಮರದ ಹುಲಿ, ಅದರ ಹೊಟ್ಟೆಯೊಳಗಿನ ವಾದ್ಯಯಂತ್ರ, ಕೈಪಿಡಿ ತಿರುಗಿಸಿದರೆ ಕೇಳುವ ಗರ್ಜನೆ ನರಳಾಟಗಳು ಲಂಡನ್ನಿನಲ್ಲಿ ಜನರನ್ನು ರಂಜಿಸಿ ಈ ಅಭಿಪ್ರಾಯವನ್ನು ಭದ್ರಪಡಿಸಿದುವು. ಆ ಯಂತ್ರವು ಈಗ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅದು ಹುಲಿಯ ಪ್ರತಿಮೆಯೇ ಹೊರತು ನಾವು ಹೇಳುತ್ತಿರುವ ಪಟ್ಟೆಯ ಪ್ರಯೋಗವಲ್ಲ; ಅರಮನೆಯ ವಿನೋದಕ್ಕೆ ಸೇರಿದ ವಸ್ತು.

ಕೇಟ್ ಬ್ರಿಟ್ಲ್‌ಬ್ಯಾಂಕ್ ಎಂಬ ವಿದುಷಿಯು 1995ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಹಳೆಯ ವಾದವನ್ನು ಬಲವಾಗಿ ಅಲ್ಲಗಳೆದಿದ್ದಾರೆ. ಈ ನಾಡಿನ ಪ್ರಜೆಗಳಿಗೆ ಹುಲಿಯು ಶಕ್ತಿದೇವತೆಯ ವಾಹನ. ಮುಸ್ಲಿಮರಿಗೆ ಅದು ಸೂಫಿ ಸಂತರ ಸಂಗಾತಿ, ದೇವಸಿಂಹನೆನಿಸಿದ ಅಲಿಯ ಲಾಂಛನ. ಹೀಗೆ ಎರಡು ನಂಬಿಕೆಗಳೂ ಕೂಡುವ ಸ್ಥಾನವನ್ನು ಟಿಪ್ಪು ಆರಿಸಿಕೊಂಡನೆಂದು ಅವರ ಪ್ರತಿಪಾದನೆ. ಹೈದರ್ ಎಂಬ ಹೆಸರಿಗೇ ಸಿಂಹವೆಂಬ ಅರ್ಥವಿರುವುದೂ, ಸಿಂಹ ಹುಲಿಗಳ ನಡುವಣ ಗೆರೆಯು ಶೇರ್ ಎಂಬ ಮಾತಿನ ಬಳಕೆಯಲ್ಲಿ ಅಳಿಸಿಹೋಗುವುದೂ ಇದಕ್ಕೆ ಅನುಕೂಲವಾದುವು. ವಂಶಪರಂಪರೆಯಿಂದ ಬಂದ ಹಕ್ಕಿಲ್ಲದ ಸರ್ಕಾರಕ್ಕೆ ಇಂತಹ ಲಾಂಛನದ ಅಗತ್ಯ ಎಷ್ಟಿತ್ತೆಂಬುದನ್ನು ವಿವರಿಸಬೇಕಾಗಿಲ್ಲ. ಈ ಮತವನ್ನು ನಾವು ಬಹುಮಟ್ಟಿಗೆ ಅಂಗೀಕರಿಸುತ್ತೇವೆ. ಆದರೆ ಹುಲಿಯನ್ನೇಕೆ ಆರಿಸಿಕೊಂಡನೆಂಬ ಪ್ರಶ್ನೆಗೆ ಇದು ಉತ್ತರವಾಗುತ್ತದೆಯೇ ಹೊರತು ಪಟ್ಟೆಯನ್ನೇಕೆ ಎಂಬುದಕ್ಕಲ್ಲ. ಚೋಳರಿಗೂ ಹುಲಿಯೇ ಲಾಂಛನವಾಗಿತ್ತು. ಅವರು ಅದನ್ನು ಚಿತ್ರವಾಗಿಯೇ ಇಟ್ಟರು.

ಪಟ್ಟೆಯು ದಟ್ಟವಾಗಿರುವುದು ಸಿಂಹಾಸನದಲ್ಲಿ, ಫಿರಂಗಿಯಲ್ಲಿ, ಸಿಪಾಯಿಯ ಅಂಗಿಯಲ್ಲಿ, ವಂಶದ ಸಮಾಧಿಯಲ್ಲಿ. ಎಂದರೆ ಸರ್ಕಾರವು ಪರರ ಕಣ್ಣಿಗೆ ಬೀಳುವ ಕಡೆಗಳಲ್ಲಿ. ಅರಸನು ಮಲಗುವ ಓದುವ ವಿಹರಿಸುವ ಕಡೆಗಳಲ್ಲಿ ಅದು ವಿರಳವಾಗುತ್ತದೆ. ಅವನ ಶಯ್ಯಾಗೃಹದಲ್ಲಿ ಸಿಕ್ಕಿತೆನ್ನಲಾದ, 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡುಗಳಿಗೆ ಮಾರಾಟವಾದ ಕತ್ತಿಯಲ್ಲಿ ಎದ್ದುಕಾಣುವುದು ಚಿನ್ನದಲ್ಲಿ ಬರೆದ ಬರಹ. ಈ ವಾದವನ್ನು ಬಹಳ ಎಳೆಯಬಾರದೆಂಬುದನ್ನೂ ನಾವು ಬಲ್ಲೆವು. ಅವನು ಸ್ವತಃ ಬಳಸಿದನೆಂದು ಹೇಳುವ ಕತ್ತಿಗಳಲ್ಲಿ ಹುಲಿದಲೆಯುಳ್ಳವೂ ಇವೆ. ಆದರೂ ಒಟ್ಟಿನ ಪ್ರವೃತ್ತಿ ಸ್ಪಷ್ಟವಾಗಿದೆ: ಪಟ್ಟೆಯು ವ್ಯಕ್ತಿಯ ಅಲಂಕಾರಕ್ಕಿಂತ ಹೆಚ್ಚಾಗಿ ಸರ್ಕಾರದ ಸಮವಸ್ತ್ರ.

ಸಮವಸ್ತ್ರದ ಪರೀಕ್ಷೆಯಾಗುವುದು ಸೋಲಿನಲ್ಲಿ. 1799ರ ಮೇ 4ರಂದು ಕೋಟೆ ಬಿದ್ದು ಸುಲ್ತಾನನು ಮಡಿದ ಮೇಲೆ, ಕೊಳ್ಳೆಯನ್ನು ಹಂಚುವ ಅಧಿಕಾರಿಗಳು ಸಿಂಹಾಸನವನ್ನು ಒಡೆಸಿ ಭಾಗಗಳನ್ನಾಗಿ ಮಾಡಿದರು. ಅದನ್ನು ಇಡಿಯಾಗಿ ಇಂಗ್ಲೆಂಡಿನ ದೊರೆಗೆ ಕಳುಹಿಸಬಹುದಾಗಿತ್ತೆಂದು ಗವರ್ನರ್ ಜನರಲ್ ವೆಲ್ಲೆಸ್ಲಿಯು ಅನಂತರ ಕೊರಗಿದನು. ಹುಮಾ ಪಕ್ಷಿಯು ಮೂರನೆಯ ಜಾರ್ಜನಿಗೆ ಹೋಯಿತು. ಸ್ಫಟಿಕದ ಹಲ್ಲುಗಳುಳ್ಳ ದೊಡ್ಡ ಹುಲಿದಲೆಯು 1831ರಲ್ಲಿ ನಾಲ್ಕನೆಯ ವಿಲಿಯಮನ ಕೈಸೇರಿ ವಿಂಡ್ಸರ್ ಅರಮನೆಯಲ್ಲಿ ಉಳಿಯಿತು. ಚಿಕ್ಕ ತಲೆಗಳಲ್ಲೊಂದು ಮದರಾಸಿನ ಗವರ್ನರನ ಪತ್ನಿಗೆ ಸಂದು ಪೋವಿಸ್‌ಗೆ ಸೇರಿತು. ಉಳಿದುವು ಖಾಸಗಿ ಮನೆಗಳೊಳಗೆ ಹೊಕ್ಕು ಕಣ್ಮರೆಯಾದುವು. ಎರಡು ಶತಮಾನಗಳ ಮೇಲೆ, 2009ರಲ್ಲಿ ಒಂದು, 2010ರಲ್ಲಿ ಮತ್ತೊಂದು ಲಂಡನ್ನಿನ ಹರಾಜಿಗೆ ಬಂದುವು. 2021ರಲ್ಲಿ ಇನ್ನೊಂದಕ್ಕೆ 15 ಲಕ್ಷ ಪೌಂಡು ಬೆಲೆಯೆಂದು ಎಣಿಸಿ ಬ್ರಿಟಿಷ್ ಸರ್ಕಾರವು ಅದರ ರಫ್ತನ್ನು ತಡೆಹಿಡಿಯಿತು. ಅಂಗೈಯಲ್ಲಿ ಹಿಡಿಯುವಂತಹ ಈ ತುಣುಕುಗಳನ್ನು ಕಂಡವರು ಇವು ಯಾವ ಸಿಂಹಾಸನದವೆಂದು ಬಹಳ ತಡಕಾಡಬೇಕಾಗಲಿಲ್ಲ. ಅನಂತರ ದಾಖಲೆಗಳನ್ನು ಪರಿಶೀಲಿಸಿದುದುಂಟು. ಮೊದಲ ಮಾತನ್ನು ಆಡಿದುದು ವಸ್ತುವಿನ ಚಹರೆಯೇ. ಮೂಟೆಯ ಗುರುತು ಗೋಣಿಯೊಡನೆ ಹೋಗುತ್ತದೆಂದು ಮೇಲೆ ಹೇಳಿದೆವು.

ವಿಜೇತರೂ ಈ ಭಾಷೆಯನ್ನು ಚೆನ್ನಾಗಿ ಓದಿದ್ದರು. ಶ್ರೀರಂಗಪಟ್ಟಣದ ಗೆಲುವಿಗಾಗಿ ಬರ್ಮಿಂಗ್‌ಹ್ಯಾಮಿನ ಬಳಿಯ ಮ್ಯಾಥ್ಯೂ ಬೋಲ್ಟನ್ನನ ಸೋಹೋ ಟಂಕಸಾಲೆಯಲ್ಲಿ ಒತ್ತಿಸಿದ, ಕ್ಯೂಶ್ಲರ್ ಎಂಬ ಕೆತ್ತನೆಗಾರನು ರಚಿಸಿದ ಪದಕದ ಒಂದು ಮುಖದಲ್ಲಿ ಬ್ರಿಟಿಷ್ ಸಿಂಹವು ಹುಲಿಯನ್ನು ಕೆಡವಿ ಮೆಟ್ಟಿಕೊಂಡಿದೆ. ಅದರ ಮೇಲಿನ ಪತಾಕೆಯಲ್ಲಿ ಅರಬ್ಬೀ ಲಿಪಿಯಲ್ಲಿ ಬರೆದಿರುವುದು ಟಿಪ್ಪುವಿನ ಆಯುಧಗಳ ಮೇಲಿದ್ದ ‘ವಿಜಯಶಾಲಿಯಾದ ದೇವಸಿಂಹ’ ಎಂಬ ಅದೇ ಬಿರುದು! ಗೆದ್ದವರು ಸೋತವನಿಂದ ಬಿರುದನ್ನು ಕಿತ್ತುಕೊಂಡು ತಮ್ಮ ಸಿಂಹಕ್ಕೆ ಕಟ್ಟಿದರು. ಇದಾದ ಕೆಲವು ವರ್ಷಗಳಲ್ಲಿ ಕಂಪನಿಯ ಕೋವಿಗಳ ಮೇಲಿನ ಹೃದಯದ ಗುರುತು ಹೋಗಿ ಅಲ್ಲಿ ಸಿಂಹ ಬಂದು ನಿಂತಿತು. ಈ ಬದಲಾವಣೆಗೆ ಮೈಸೂರಿನ ಯುದ್ಧವೇ ಕಾರಣವೆಂದು ನಾವು ಹೇಳುವುದಿಲ್ಲ. ಸಿಂಹವು ಕಂಪನಿಯ ವಂಶಲಾಂಛನದಲ್ಲಿ ಮೊದಲೇ ಇತ್ತು.

ಈಗ ಒಂದು ಎಚ್ಚರಿಕೆಯ ಮಾತು. ಚಹರೆಯು ಇಷ್ಟು ಸುಲಭವಾಗಿ ಗುರುತಾಗುವುದರಿಂದಲೇ ಅದನ್ನು ನಂಬಿ ಕೆಡುವ ಸಂಭವವೂ ಹೆಚ್ಚು. ಹರಾಜಿನ ಬೆಲೆ ಏರಿದಂತೆಲ್ಲ, ಪಟ್ಟೆಯುಳ್ಳ ಪ್ರತಿಯೊಂದು ಕತ್ತಿ, ಪ್ರತಿಯೊಂದು ತೋಪು ಟಿಪ್ಪುವಿನದಾಗುತ್ತ ಬಂದಿದೆ. ಹುಲಿದಲೆಯ ಹಿಡಿಯುಳ್ಳ ಆಯುಧಗಳು ಭಾರತದ ಬೇರೆ ಆಸ್ಥಾನಗಳಲ್ಲಿಯೂ ಇದ್ದುವು. ಹಳೆಯ ಅಲಗಿನ ಮೇಲೆ ಹೊಸದಾಗಿ ಪಟ್ಟೆ ಕೊರೆಯುವುದು ನುರಿತ ಕೆಲಸಗಾರನಿಗೆ ಒಂದು ದಿನದ ಕೆಲಸ. ಯಾವ ಸರಳತೆಯು ಶ್ರೀರಂಗಪಟ್ಟಣದ ಕಮ್ಮಾರನಿಗೆ ನೆರವಾಯಿತೋ ಅದೇ ಸರಳತೆ ನಕಲು ಮಾಡುವವನಿಗೂ ನೆರವಾಗುತ್ತದೆ. ಆದುದರಿಂದ ಪಟ್ಟೆಯೊಂದನ್ನೇ ನೋಡಿ ನಿರ್ಣಯ ಮಾಡುವುದು ಯುಕ್ತವಲ್ಲ. ಕೋವಿಯಾದರೆ ನಳಿಗೆಯ ಮೇಲಿನ ಸ್ಥಳನಾಮ, ಮೌಲೂದಿ ವರ್ಷದ ಅಂಕಿಗಳ ದಿಕ್ಕು, ಹೈದರ್ ಮುದ್ರೆ ಇವು ಮೂರೂ ಪರಸ್ಪರ ಹೊಂದುತ್ತವೆಯೇ ಎಂದು ನೋಡಬೇಕು. ಅಂಕಿಗಳನ್ನು ಎಡದಿಂದ ಓದಿ ಬರುವ ವರ್ಷವೇ ಇಲ್ಲವೆಂಬ ಕಾರಣಕ್ಕೆ ನಿಜವಾದ ನಾಣ್ಯವನ್ನು ಸುಳ್ಳೆಂದು ತಳ್ಳಿಹಾಕುವ ವಿದ್ಯಾರ್ಥಿಗಳನ್ನು ನಾವು ಕಂಡಿದ್ದೇವೆ. ಇನ್ನು ವಸ್ತುವು ಸೈನ್ಯದ್ದೋ ದರ್ಬಾರಿನದೋ ಆಗದೆ ಮನೆಬಳಕೆಯದಾಗಿದ್ದು, ಅದರ ಮೇಲೆ ಪಟ್ಟೆಯು ಬೇಕಾದುದಕ್ಕಿಂತ ಹೆಚ್ಚಾಗಿದ್ದರೆ, ಮೇಲೆ ಹೇಳಿದ ಕಾರಣಗಳಿಂದ ಸಂಶಯವು ಹೆಚ್ಚಬೇಕೇ ವಿನಾ ಕಡಿಮೆಯಾಗಬಾರದು.

ಕಡೆಯದಾಗಿ, ಆನೆಯ ವಿಷಯವನ್ನು ಪೂರ್ಣಗೊಳಿಸಬೇಕಾಗಿದೆ. 1799ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಬಾಲ್ಯದಲ್ಲಿಯೇ ಪಟ್ಟಕ್ಕೆ ಬಂದರು. ಆಡಳಿತವನ್ನು ನಡೆಸಿದ ಪೂರ್ಣಯ್ಯನವರು ಹೈದರ್ ಟಿಪ್ಪುಗಳಿಬ್ಬರ ಸೇವೆಯಲ್ಲಿಯೂ ಇದ್ದವರು. ಪಟ್ಟೆಯು ಸರ್ಕಾರದೊಡನೆ ಅಳಿಯಿತು. ಹೊಸ ಸರ್ಕಾರದ ಯಾವ ವಸ್ತುವಿನಲ್ಲಿಯೂ ಅದಕ್ಕೆ ಸ್ಥಾನವಿರಲಿಲ್ಲ. ವರಹದ ಮೇಲೆ ಶಿವಪಾರ್ವತಿಯರು ಹಿಂದಿರುಗಿದರು. ತಾಮ್ರದ ಕಾಸಿನಲ್ಲಾದರೋ ಪಾರಸೀ ಅಕ್ಷರಗಳು ಹೋಗಿ ಕನ್ನಡದಲ್ಲಿ ಶ್ರೀ ಚಾಮುಂಡಿಯ ಹೆಸರು ಬಂದಿತು. ಆನೆಯು ಇದ್ದ ಸ್ಥಳದಲ್ಲಿಯೇ ನಿಂತಿತ್ತು. ಅನಂತರದ ಕಾಸುಗಳಲ್ಲಿ ಅದರ ಸ್ಥಾನಕ್ಕೆ ಸಿಂಹ ಬರುವವರೆಗೂ ಮೈಸೂರಿನ ಸಂತೆಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದುದು ಅದೇ ಆನೆ.